ಕೋಚ್ ವಿರುದ್ಧ ಒಂದು ಮತ

ನಾನು ಹದಿನಾರು ವರ್ಷ ಗಣಿತ ಪಾಠ ಮಾಡಿದ ಕಾಲೇಜು ಈಗ ಇಲ್ಲ. ನಾರ್ತ್ ಕೆರೊಲಿನಾದ ಒಳನಾಡಿನ ಒಂದು ಸಣ್ಣ ಊರು ಅದು. ಮುಚ್ಚಿಹೋದ ಒಂದು ಬಟ್ಟೆ ಗಿರಣಿ, ಹತ್ತಾರು ಚರ್ಚು, ಒಂದು ಕಾಲೇಜು, ಇಷ್ಟೇ ಅದರ ಆಸ್ತಿಯಾಗಿತ್ತು. ಆ ಕಾಲೇಜಿನ ಬೇಸ್‌ಬಾಲ್ ಕೋಚ್‌ಗೆ ನಾನು ಮಾಡಿದ್ದನ್ನು ಬರೆದಿಡೋಣವೆಂದು ಕೂತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಆಸೆಯೇನೂ ಇಲ್ಲ. ಹಗುರಾಗಲು ಹೋಗಿಯೇ ಎರಡನೆಯ ತಪ್ಪು ಮಾಡಿದವಳು ನಾನು.

ನನ್ನ ಗಂಡನ ಕೆಲಸ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ. ಸರ್ಕಾರದ ಕಾಂಟ್ರಾಕ್ಟ್ ಕೆಲಸ, ಬಿಟ್ಟು ಬರುವಂಥದ್ದಲ್ಲ. ನಾನು ಪಿಎಚ್‌ಡಿ ಮುಗಿಸಿ, ಮಗಳನ್ನು ಬೆಳೆಸುತ್ತ, ಅಲ್ಲೊಂದು ಇಲ್ಲೊಂದು ಸಂಜೆ ಕ್ಲಾಸು ತೆಗೆದುಕೊಂಡು ನಲವತ್ತು ದಾಟಿದ್ದೆ. ಆಗ ಸಿಕ್ಕ ಮೊದಲ ಕಾಯಂ ಕೆಲಸ ಇದು. ಐದು ಗಂಟೆಯ ದಾರಿ. ಕಾಲೇಜಿನವರೇ ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ, ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಮಧ್ಯಾಹ್ನ ಕಾರು ಹತ್ತುತ್ತಿದ್ದೆ. ನಮ್ಮ ಕಡೆಯವರು ಯಾರಾದರೂ ಕೇಳಿದರೆ ಗಂಡ, "ಅವಳು ಅಲ್ಲಿ ಹೆಡ್ ಆಫ್ ದ ಡಿಪಾರ್ಟ್‌ಮೆಂಟು" ಎನ್ನುತ್ತಿದ್ದರು. ಡಿಪಾರ್ಟ್‌ಮೆಂಟಿನಲ್ಲಿ ಇದ್ದವರು ನಾನೂ ಸೇರಿ ಮೂರು ಜನ. ಅದನ್ನು ಅವರು ಹೇಳುತ್ತಿರಲಿಲ್ಲ.

ಕೋವಿಡ್ ಬಂದ ಆ ಮಾರ್ಚಿನಲ್ಲಿ ಕಾಲೇಜು ಒಂದೇ ವಾರದಲ್ಲಿ ಮಕ್ಕಳನ್ನೆಲ್ಲ ಮನೆಗೆ ಕಳಿಸಿತು. ನಾನೂ ಹೊರಡಲು ಬ್ಯಾಗು ತುಂಬಿದ್ದೆ. ಗಂಡ ಫೋನ್ ಮಾಡಿದರು.

"ಬರಬೇಡ ಕಣೇ. ನಮ್ಮ ಆಫೀಸಲ್ಲಿ ಆಗಲೇ ಇಬ್ಬರಿಗೆ ಬಂದಿದೆ. ನಂಗೂ ಬಂದಿರಬಹುದು. ನಿಂಗೆ ಆಸ್ತಮಾ ಬೇರೆ. ಅಲ್ಲೇ ಸೇಫಾಗಿರು."

ಹೀಗಾಗಿ ಆ ಖಾಲಿ ಕ್ಯಾಂಪಸ್ಸಿನಲ್ಲಿ ಎರಡೂವರೆ ತಿಂಗಳು ಉಳಿದುಕೊಂಡೆ. ಬೆಳಗ್ಗೆಯೆಲ್ಲ ಕಂಪ್ಯೂಟರಿನ ಮುಂದೆ ಕಪ್ಪು ಚೌಕಗಳಿಗೆ ಪಾಠ. ಸಂಜೆ ಒಂದು ಸುತ್ತು ನಡಿಗೆ. ನಡೆಯುವ ದಾರಿಯಲ್ಲಿ ಬೇಸ್‌ಬಾಲ್ ಮೈದಾನವಿತ್ತು. ಅಲ್ಲಿ ಮಾತ್ರ ಒಬ್ಬರು ದಿನವೂ ಇರುತ್ತಿದ್ದರು. ಎತ್ತರದ, ಸಣಕಲು ಮನುಷ್ಯ, ಎಪ್ಪತ್ತರ ಹತ್ತಿರದವರು. ಹುಲ್ಲು ಕತ್ತರಿಸುವರು, ಚೆಂಡು ಎಸೆಯುವವನು ನಿಲ್ಲುವ ಮಣ್ಣಿನ ದಿಬ್ಬಕ್ಕೆ ನೀರು ಹೊಡೆದು ತಟ್ಟುವರು. ಒಂದು ಶುಕ್ರವಾರ ನೋಡುತ್ತೇನೆ, ಬಿಳಿಪುಡಿಯ ಗಾಡಿ ತಳ್ಳಿಕೊಂಡು ಉದ್ದಕ್ಕೆ ಗೆರೆ ಎಳೆಯುತ್ತಿದ್ದಾರೆ. ಹತ್ತು ವರ್ಷದಿಂದ ಒಂದೇ ಕಾಲೇಜಿನಲ್ಲಿದ್ದರೂ ನಾನು ಅವರೊಡನೆ ಮಾತಾಡಿರಲಿಲ್ಲ. ಅಂದು ತಂತಿಬೇಲಿಯ ಈಚೆಯಿಂದ ಕೇಳಿದೆ:

"ಯಾರೂ ಆಡೋರಿಲ್ಲವಲ್ಲ, ಗೆರೆ ಯಾಕೆ ಹಾಕ್ತಿದ್ದೀರಿ?"

"ನಾಳೆ ಮ್ಯಾಚ್ ಇತ್ತು, ಮ್ಯಾಮ್," ಎಂದರು. ಗೆರೆ ಮುಗಿಯುವ ತನಕ ಮತ್ತೆ ತಲೆಯೆತ್ತಲಿಲ್ಲ.

ಮರುದಿನ ನಾನು ಅದೇ ಹೊತ್ತಿಗೆ ಹೋದೆ. ಅವರು ಬೆಂಚಿನ ಒಂದು ತುದಿಯಲ್ಲಿ ಕೂತಿದ್ದರು. ದೂರದ ಇನ್ನೊಂದು ಬೆಂಚಿನಲ್ಲಿ ನಾನು ಕೂತೆ. ಆ ಎರಡೂವರೆ ತಿಂಗಳು ನಾನು ಮುಖ ನೋಡಿ ಮಾತಾಡಿದ ಮನುಷ್ಯ ಅವರೊಬ್ಬರೇ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಮಾಡಿದ ಚಿತ್ರಾನ್ನವನ್ನು ಡಬ್ಬಿಯಲ್ಲಿ ಬೇಲಿಯ ಕಂಬದ ಮೇಲೆ ಇಟ್ಟು ಬರುತ್ತಿದ್ದೆ, ಅವರು ಡಬ್ಬಿ ತೊಳೆದು ಟೊಮೆಟೊ ತುಂಬಿ ಅಲ್ಲೇ ಇಡುತ್ತಿದ್ದರು. ಹಸಿಮೆಣಸಿನಕಾಯಿಗಳನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರಂತೆ. ಬಹಳ ದಿನದ ಮೇಲೆ, ಕ್ಷಮೆ ಕೇಳುವವರ ಹಾಗೆ ಅದನ್ನು ಹೇಳಿದರು.

ಮುಂದಿನ ವರ್ಷ ಆಟ ಮತ್ತೆ ಶುರುವಾದಾಗ ಸ್ಕೋರ್ ಬರೆಯಲು ಜನ ಇರಲಿಲ್ಲ. ನಾನು ಬರೆಯುತ್ತೇನೆ ಎಂದೆ. ನಮ್ಮಪ್ಪ ಮೈಸೂರಿನಲ್ಲಿ ಒಂದು ಕ್ರಿಕೆಟ್ ಕ್ಲಬ್ಬಿಗೆ ಸ್ಕೋರರ್ ಆಗಿದ್ದವರು. ಭಾನುವಾರಗಳಲ್ಲಿ ಅವರ ಪಕ್ಕ ಕೂತು ರನ್ ಬಾರದ ಎಸೆತಕ್ಕೆ ಚುಕ್ಕಿ ಇಡುವುದು ನನ್ನ ಕೆಲಸ. ಅದನ್ನು ಹೇಳಿದಾಗ ಕೋಚ್ ಗಂಭೀರವಾಗಿ ತಲೆಯಾಡಿಸಿ, ಉದ್ದನೆಯ ಪುಸ್ತಕವನ್ನೂ ಎರಡು ಪೆನ್ಸಿಲನ್ನೂ ತಂದುಕೊಟ್ಟರು. ಪ್ರತಿ ಆಟಗಾರನಿಗೆ ಒಂದೊಂದು ಸಾಲು, ಸಾಲಿನಲ್ಲಿ ಚೌಕಗಳು. ಮೂರು ಸಲ ಬೀಸಿ ಚೆಂಡು ಸಿಗದೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟು ಬೀಸದೆ ಸುಮ್ಮನೆ ನಿಂತು ಔಟಾದರೆ ಆ ಅಕ್ಷರವನ್ನು ತಿರುಗಿಸಿ ಬರೆಯಬೇಕು.

"ಯಾಕೆ ತಿರುಗಿಸಬೇಕು? ಔಟು ಔಟೇ ಅಲ್ವಾ?" ಎಂದು ಕೇಳಿದ್ದೆ.

"ಅಲ್ಲ ಮ್ಯಾಮ್. ಬೀಸಿ ಔಟಾದವನು ಮನೆಗೆ ಹೋಗಿ ಊಟ ಮಾಡ್ತಾನೆ. ನಿಂತು ಔಟಾದವನಿಗೆ ಊಟ ಸೇರಲ್ಲ."

ಅವರು ಯಾವ ಕಾಲದಲ್ಲೋ ದುಡ್ಡಿಗಾಗಿ ಆಡಿದ್ದವರು ಎಂದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ವಿವರ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮ್ಯಾಚ್ ಇಲ್ಲದ ಒಂದು ದಿನ ನೇರವಾಗಿಯೇ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು. ಹತ್ತೊಂಬತ್ತನೆಯ ವಯಸ್ಸಿಗೆ ಹೈಸ್ಕೂಲಿನಿಂದ ವೃತ್ತಿ ತಂಡದವರು ಎತ್ತಿಕೊಂಡು ಹೋದರಂತೆ, ಎಡಗೈಯಲ್ಲಿ ಎಸೆಯುವವನು ಎಂದು. ಆರು ವರ್ಷ ಕೆರೊಲಿನಾ, ಜಾರ್ಜಿಯಾದ ಸಣ್ಣ ಸಣ್ಣ ಊರುಗಳ ತಂಡಗಳಲ್ಲಿ, ಹಳೇ ಬಸ್ಸುಗಳಲ್ಲಿ. ಏಳನೆಯ ವರ್ಷದ ಬೇಸಿಗೆಯಲ್ಲಿ ಅಟ್ಲಾಂಟಾಕ್ಕೆ, ದೊಡ್ಡ ತಂಡಕ್ಕೆ ಕರೆ ಬಂತು. ಹನ್ನೊಂದು ದಿನ ಅಲ್ಲಿದ್ದರು. ಎರಡು ಮ್ಯಾಚಿನಲ್ಲಿ ಎಸೆದರು. ಎರಡನೆಯದರಲ್ಲಿ ಭುಜದೊಳಗೆ ಏನೋ ಹರಿಯಿತು.

"ಆಮೇಲೆ?"

"ಆಮೇಲೆ ಈ ಕಾಲೇಜಿಗೆ ವಿದ್ಯಾರ್ಥಿಯಾಗಿ ಬಂದೆ. ಇಪ್ಪತ್ತಾರು ವರ್ಷದ ಫಸ್ಟ್ ಇಯರ್ ಹುಡುಗ. ಓದಿ ಮುಗಿಸಿದ ಮೇಲೆ ಇಲ್ಲೇ ಇರು ಅಂದ್ರು. ಇದ್ದೆ."

ಅವರ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಟೋಪಿಯನ್ನು ಬಲಗೈಯಲ್ಲೇ ಹಾಕಿಕೊಳ್ಳುವರು. ಆ ಹನ್ನೊಂದು ದಿನದ ಬಗ್ಗೆ ನಾನು ಇನ್ನೂ ಏನೋ ಕೇಳಲು ಹೊರಟೆ. ಅವರು ಕೈ ಅಡ್ಡ ಮಾಡಿ, "ಅದರ ಬಗ್ಗೆ ಹನ್ನೊಂದು ದಿನ ಮಾತಾಡುವಷ್ಟು ಇಲ್ಲ. ಇಲ್ಲಿನದು ಕೇಳಿ, ಹೇಳ್ತೀನಿ," ಎಂದರು. ಮೂವತ್ತೆಂಟು ವರ್ಷದ ಹುಡುಗರನ್ನೆಲ್ಲ ಅವರು ನೆನಪಿಟ್ಟುಕೊಂಡಿದ್ದರು. ಯಾರ ಮೊಣಕೈ ಯಾವ ವರ್ಷ ನೋಯುತ್ತಿತ್ತು, ಯಾರ ತಾಯಿ ಮ್ಯಾಚಿಗೆ ಬಂದು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು, ಯಾರು ಈಗ ಎಲ್ಲಿ ಲಾರಿ ಓಡಿಸುತ್ತಾನೆ, ಎಲ್ಲ.

ನಾನು ಸ್ಕೋರ್ ಬರೆಯತೊಡಗಿದ ಮೂರನೆಯ ವರ್ಷದ ಹೊತ್ತಿಗೆ ಕಾಲೇಜಿಗೆ ಸೇರುವವರು ತೀರ ಕಡಿಮೆಯಾದರು. ಕಾಲೇಜಿನ ಅಧ್ಯಕ್ಷರು ಖರ್ಚು ಇಳಿಸಲು ಏಳು ಜನರ ಒಂದು ಸಮಿತಿ ಮಾಡಿ ನನ್ನನ್ನೂ ಹಾಕಿದರು. ತಿಂಗಳುಗಟ್ಟಲೆ ಸಭೆ ನಡೆದು ಕೊನೆಗೆ ಎರಡು ಪ್ರಸ್ತಾಪ ಉಳಿದವು. ಬೇಸ್‌ಬಾಲ್ ತಂಡವನ್ನು ನಿಲ್ಲಿಸುವುದು, ಇಲ್ಲವೇ ಗಣಿತದ ಡಿಗ್ರಿಯನ್ನು ನಿಲ್ಲಿಸುವುದು. ನಾನು ಸಮಿತಿಯಿಂದ ಹೊರಗಿರುತ್ತೇನೆ, ಇದರಲ್ಲಿ ನನ್ನ ಹಿತ ಇದೆ ಎಂದೆ. ಅಧ್ಯಕ್ಷರು ನಕ್ಕು, "ಇಲ್ಲಿ ಯಾರ ಹಿತ ಇಲ್ಲ ಹೇಳಿ?" ಎಂದರು. ನಾನು ಇನ್ನೊಂದು ಸಲ ಹೇಳಬೇಕಿತ್ತು, ಹೇಳಲಿಲ್ಲ.

ವಿಷಯ ಹೊರಗೆ ಬರದೇ ಇರುತ್ತದೆಯೇ? ಒಂದು ಮಧ್ಯಾಹ್ನ ಕೋಚ್ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಟೋಪಿ ಕೈಯಲ್ಲಿತ್ತು.

"ಪ್ರೊಫೆಸರ್, ನಾನು ಯಾರ ಹತ್ತಿರಾನೂ ಏನೂ ಕೇಳಿದವನಲ್ಲ."

"ಗೊತ್ತು ಕೋಚ್."

"ನಿಮಗೆ ಲೆಕ್ಕ ಗೊತ್ತು. ಈ ಹುಡುಗರು ಹೋದರೆ ಏನಾಗುತ್ತೆ ಅಂತ ಅವರಿಗೆ ಹೇಳಿ. ನಾನು ಹೇಳಿದರೆ ಮುದುಕನಿಗೆ ಆಟದ ಹುಚ್ಚು ಅಂತಾರೆ."

"ನನ್ನ ಕೈಲಾದದ್ದೆಲ್ಲ ಮಾಡ್ತೀನಿ," ಎಂದೆ. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಕೊನೆಯ ಸಭೆಯಲ್ಲಿ ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಅಷ್ಟು ಚೆನ್ನಾಗಿ ನಾನು ಯಾವ ಕ್ಲಾಸಿನಲ್ಲೂ ಮಾತಾಡಿಲ್ಲ. ಬೇಸ್‌ಬಾಲ್ ಆಡಲೆಂದೇ ಈ ಕಾಲೇಜಿಗೆ ಬಂದವರು ಎಷ್ಟು ಜನ, ಅವರು ಬಿಟ್ಟರೆ ಅವರ ಜೊತೆಗೆ ಬಿಡುವವರು ಎಷ್ಟು ಜನ, ಮುಂದಿನ ವರ್ಷ ಬಾರದೇ ಇರುವವರು ಎಷ್ಟು ಜನ, ಎಲ್ಲವನ್ನೂ ಗೋಡೆಯ ಮೇಲೆ ತೋರಿಸಿದೆ. ಇದನ್ನು ನಿಲ್ಲಿಸಿದರೆ ಎರಡು ವರ್ಷದೊಳಗೆ ಇಡೀ ಕಾಲೇಜು ನಿಲ್ಲುತ್ತದೆ ಎಂದೆ. ಸಂಗೀತದ ಅಧ್ಯಾಪಕರೊಬ್ಬರು ಮೇಜು ತಟ್ಟಿದರು.

ಆಮೇಲೆ ಚೀಟಿ ಹಂಚಿದರು. ಗುಪ್ತ ಮತ. ಎರಡು ಸಾಲು, ಒಂದರ ಮುಂದೆ ಗುರುತು ಹಾಕಬೇಕು. ಚೀಟಿ ಕೈಗೆ ಬಂದಾಗ ನನಗೆ ನನ್ನ ಜೊತೆಯ ಇಬ್ಬರು ಚಿಕ್ಕ ವಯಸ್ಸಿನ ಅಧ್ಯಾಪಕರು ನೆನಪಾದರು, ಒಬ್ಬಳಿಗೆ ಆಗಷ್ಟೇ ಮಗು ಹುಟ್ಟಿತ್ತು, ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ನೆನಪಾದದ್ದು ನನ್ನ ಕೋಣೆ. ಬಾಗಿಲ ಮೇಲಿನ ನನ್ನ ಹೆಸರು. ಅಷ್ಟು ವರ್ಷ ಅಲ್ಲಿ ಇಲ್ಲಿ ಸಂಜೆ ಕ್ಲಾಸುಗಳಿಗೆ ಕಾರು ಓಡಿಸಿದ್ದು, ಮಗಳ ಸ್ಕೂಲಿನ ಫಾರಂನಲ್ಲಿ ನನ್ನ ಉದ್ಯೋಗದ ಜಾಗ ಖಾಲಿ ಬಿಟ್ಟದ್ದು. ಬೇಸ್‌ಬಾಲ್ ನಿಲ್ಲಿಸುವ ಸಾಲಿನ ಮುಂದೆ ಗುರುತು ಹಾಕಿ, ಚೀಟಿ ಮಡಚಿ, ಡಬ್ಬಿಗೆ ಹಾಕಿದೆ. ಯಾರೋ ಬಿಸ್ಕತ್ತು ಕೊಟ್ಟರು, ತಿಂದೆ.

ನಾಲ್ಕಕ್ಕೆ ಮೂರು ಮತದಿಂದ ಬೇಸ್‌ಬಾಲ್ ಹೋಯಿತು.

ಆ ವಾರದ ಕೊನೆಗೆ ಶ್ಯಾಂಟಿಲಿಗೆ ಹೋದಾಗ ಗಂಡನಿಗೆ ಹೇಳಿದೆ. ಅವರು ಮೊಸರು ಕಲಸುತ್ತ, "ಸರಿಯಾಗೇ ಮಾಡಿದ್ದೀಯ. ಬೇಸ್‌ಬಾಲ್ ಇಲ್ಲದೆ ಕಾಲೇಜು ಇರುತ್ತೆ, ಮ್ಯಾತ್ಸ್ ಇಲ್ಲದೆ ಇರುತ್ತಾ?" ಎಂದರು.

"ಆದ್ರೆ ನಾನು ಮಾತಾಡಿದ್ದು ಉಲ್ಟಾ."

"ಮಾತಾಡಿದ್ದು ಅವರಿಗೋಸ್ಕರ, ವೋಟ್ ಹಾಕಿದ್ದು ನಿನಗೋಸ್ಕರ. ಬಿಡು, ಯಾರಿಗೂ ಗೊತ್ತಾಗಲ್ಲ."

ಅವರು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಅಂದು ನನಗೆ ಅನ್ನ ಸೇರಿತು ಕೂಡ. ಆಮೇಲೆ ಸೇರದಂತಾದದ್ದು ಕೋಚ್ ನನ್ನ ಕೋಣೆಗೆ ಬಂದ ಸೋಮವಾರದಿಂದ.

ಸಂಗೀತದ ಅಧ್ಯಾಪಕರು ಅವರಿಗೆ ನನ್ನ ಭಾಷಣದ ವಿಷಯ ಹೇಳಿದ್ದರು. ಕೋಚ್ ಒಳಗೆ ಬಂದು, ಕೂರದೆ, ಎಡಗೈ ಚಾಚಿದರು. ಅದು ಅವರ ನೋಯುವ ಕೈ. ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ.

"ನೀವು ನಮಗೋಸ್ಕರ ನಿಂತ್ರಿ ಅಂತ ಕೇಳಿದೆ. ಸೋತ್ವಿ, ಪರವಾಗಿಲ್ಲ. ಒಬ್ಬರಾದರೂ ನಿಂತರಲ್ಲ."

ಈಗಲೇ ಹೇಳು, ಈಗಲೇ ಹೇಳು ಎಂದು ಒಳಗೆ ಹೊಡೆದುಕೊಳ್ಳುತ್ತಿತ್ತು. ನಾನು ಅವರ ಕೈ ಹಿಡಿದು, "ಸಾರಿ ಕೋಚ್," ಎಂದೆ. ಅವರು ಅದನ್ನು ಅನುಕಂಪ ಎಂದುಕೊಂಡರು.

ಆ ಚಳಿಗಾಲವೆಲ್ಲ ಅವರು ಹುಡುಗರಿಗೆ ಬೇರೆ ಕಾಲೇಜು ಹುಡುಕಿದರು. ತಮ್ಮ ಆಫೀಸಿನಲ್ಲಿ ಹೀಟರ್ ಕೆಟ್ಟಿದೆ ಎಂದು ನನ್ನ ಕೋಣೆಯ ಮೂಲೆಯಲ್ಲಿ ಕೂತು, ಒಂದು ಹಳೇ ಡೈರಿ ಇಟ್ಟುಕೊಂಡು, ಒಬ್ಬೊಬ್ಬ ಕೋಚ್‌ಗೂ ಫೋನ್ ಮಾಡುತ್ತಿದ್ದರು. ನಾನು ಉತ್ತರ ಪತ್ರಿಕೆ ತಿದ್ದುತ್ತ ಕೇಳಿಸಿಕೊಳ್ಳಬೇಕಾಗಿತ್ತು. "ಇವನು ನಿಧಾನ, ಆದ್ರೆ ಮೋಸ ಮಾಡಲ್ಲ... ಇವನ ತಂದೆಗೆ ಹುಷಾರಿಲ್ಲ, ಮನೆಗೆ ಹತ್ತಿರ ಇರೋ ಕಡೆ ಬೇಕು... ಒಂದು ಸಲ ನೋಡಿ, ನಿಮ್ಮ ಹುಲ್ಲು ನಾನೇ ಬಂದು ಕತ್ತರಿಸಿಕೊಡ್ತೀನಿ." ನಕ್ಕು ಹೇಳುತ್ತಿದ್ದರು. ಫೋನ್ ಇಟ್ಟು ಡೈರಿಯ ಮುಂದಿನ ಹಾಳೆ ತಿರುಗಿಸುವರು. ಮೇ ತಿಂಗಳ ಹೊತ್ತಿಗೆ ಆರು ಹುಡುಗರನ್ನು ಬಿಟ್ಟು ಉಳಿದವರಿಗೆಲ್ಲ ಜಾಗ ಸಿಕ್ಕಿತು. ಆ ಆರು ಜನ ಓದನ್ನೇ ಬಿಟ್ಟರು. ಅವರಲ್ಲಿ ಇಬ್ಬರು ನನ್ನ ಕ್ಲಾಸಿನವರು.

ಕೊನೆಯ ಮ್ಯಾಚ್ ಒಂದು ಶನಿವಾರ ಮಧ್ಯಾಹ್ನ. ಊರಿನ ಅರ್ಧ ಜನ ಬಂದಿದ್ದರು, ಬೇರೆ ಬೇರೆ ಊರಿಂದ ಹಳೇ ಆಟಗಾರರು ಬಂದಿದ್ದರು. ಹೊಟ್ಟೆ ಬಂದವರು, ತಲೆ ನರೆತವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ನಮ್ಮ ತಂಡ ಸೋತಿತು. ನಾನು ಪುಸ್ತಕದಲ್ಲಿ ಕೊನೆಯ ಚೌಕ ತುಂಬಿ ಏಳುವಷ್ಟರಲ್ಲಿ ಕೋಚ್ ಮೈಕ್ ಹಿಡಿದು ಮಧ್ಯದಲ್ಲಿ ನಿಂತಿದ್ದರು. ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಹುಡುಗರ ತಾಯಂದಿರಿಗೆ ಥ್ಯಾಂಕ್ಸ್ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲಿ ಸ್ಕೋರ್ ಬರೀತಾ ಕೂತಿದ್ದಾರಲ್ಲ, ಆ ಪ್ರೊಫೆಸರ್, ಇಡೀ ಕಾಲೇಜಿನಲ್ಲಿ ನಮಗೋಸ್ಕರ ಹೋರಾಡಿದವರು ಅವರು. ಅವರ ಸ್ವಂತ ಡಿಪಾರ್ಟ್‌ಮೆಂಟ್ ಹೋಗುತ್ತಿತ್ತು, ಗೊತ್ತಾ? ಆದ್ರೂ ನಿಂತರು. ಎದ್ದು ನಿಂತು ಚಪ್ಪಾಳೆ ಹೊಡೀರಿ."

ಎಲ್ಲರೂ ಎದ್ದು ನಿಂತರು. ಹುಡುಗರು ಟೋಪಿ ತೆಗೆದರು. ತಂಡದ ಕ್ಯಾಚರ್, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಹುಡುಗ, ನನ್ನ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದವನು, ಓಡಿ ಬಂದು ನನ್ನನ್ನು ತಬ್ಬಿಕೊಂಡ. ನಾನು ಪೆನ್ಸಿಲ್ ಹಿಡಿದು ನಿಂತಿದ್ದೆ. ಚಪ್ಪಾಳೆ ನಿಲ್ಲಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ, ಅದು ನಿಲ್ಲಲೇ ಇಲ್ಲ.

ಮುಂದಿನದೆಲ್ಲ ನಾನು ಗೋಡೆಯ ಮೇಲೆ ತೋರಿಸಿದ ಹಾಗೆಯೇ ಆಯಿತು. ಹುಡುಗರು ಹೋದರು, ಅವರ ಗೆಳೆಯ ಗೆಳತಿಯರು ಹೋದರು. ಆ ಸೆಪ್ಟೆಂಬರಿನಲ್ಲಿ ನನ್ನ ಕ್ಲಾಸಿನ ಅರ್ಧ ಕುರ್ಚಿ ಖಾಲಿ. ಡಿಸೆಂಬರಿನಲ್ಲಿ ಗಣಿತದ ಡಿಗ್ರಿಯನ್ನೂ ನಿಲ್ಲಿಸಿದರು, ಈ ಸಲ ಸಮಿತಿ ಇಲ್ಲ, ಮತ ಇಲ್ಲ. ನನ್ನ ಜೊತೆಯ ಆ ಮಗುವಿನ ತಾಯಿ ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವಾಗ ನಾನೂ ನೆರವಾದೆ. ಉಳಿದ ಕ್ಲಾಸುಗಳಿಗೆಂದು ನನ್ನೊಬ್ಬಳನ್ನು ಇಟ್ಟುಕೊಂಡರು. ಅದರ ಮುಂದಿನ ವಸಂತದಲ್ಲಿ ಒಂದು ಬುಧವಾರ ನಾನು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದಾಗ ಎಲ್ಲರ ಫೋನುಗಳೂ ಒಟ್ಟಿಗೆ ಗುಂಯ್ ಅಂದವು. ಕಾಲೇಜು ಮುಚ್ಚುತ್ತಿದೆ ಎಂಬ ಇ-ಮೇಲ್. ಒಬ್ಬ ಹುಡುಗಿ ಕೈಯೆತ್ತಿ, "ಹಾಗಾದ್ರೆ ಶುಕ್ರವಾರದ ಟೆಸ್ಟ್ ಇದೆಯಾ?" ಎಂದು ಕೇಳಿದಳು. ಇದೆ ಎಂದೆ.

ಕೋಚ್ ಅಷ್ಟರಲ್ಲಿ ಊರು ಬಿಟ್ಟಿದ್ದರು. ಸೌತ್ ಕೆರೊಲಿನಾದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ತೀರಿಹೋದ ಅಕ್ಕನ ಮನೆಯಲ್ಲಿ ಒಬ್ಬರೇ ಇದ್ದರು. ಕ್ರಿಸ್‌ಮಸ್ ಹಬ್ಬಕ್ಕೆ, ನನ್ನ ಹುಟ್ಟಿದ ದಿನಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದರು. "ನೀವು ಹೇಳಿದ್ದೇ ಆಯ್ತಲ್ಲ ಪ್ರೊಫೆಸರ್. ನಿಮ್ಮ ಮಾತು ಕೇಳಿದ್ದಿದ್ರೆ," ಎನ್ನುವರು. ಪ್ರತಿ ಫೋನಿನ ಮೇಲೂ ನನಗೆ ಎರಡು ದಿನ ಯಾವ ಕೆಲಸವೂ ಆಗುತ್ತಿರಲಿಲ್ಲ.

ಕೆಲಸ ಹೋದ ಮೇಲೆ ನಾನು ಜಾರ್ಜಿಯಾದ ಅಲ್ಫರೆಟಾದಲ್ಲಿರುವ ಮಗಳ ಮನೆ, ಶ್ಯಾಂಟಿಲಿ, ಮತ್ತೆ ಅಲ್ಫರೆಟಾ ಎಂದು ಓಡಾಡುತ್ತಿದ್ದೆ. ಮಗಳಿಗೆ ಎರಡು ವರ್ಷದ ಮಗು. ಕಳೆದ ಶರತ್ಕಾಲದಲ್ಲಿ ಒಂದು ಬೆಳಗ್ಗೆ ಶ್ಯಾಂಟಿಲಿಗೆ ಹೊರಡುವಾಗ ಅವಳಿಗೆ ಎಲ್ಲವನ್ನೂ ಹೇಳಿ, "ದಾರೀಲಿ ಅವರ ಮನೆಗೆ ಹೋಗಿ ಹೇಳಿಬಿಡ್ತೀನಿ," ಎಂದೆ.

"ಅಮ್ಮಾ, ವೈ? ಅವ್ರು ಹ್ಯಾಪಿ ಆಗಿದ್ದಾರೆ ಅಲ್ವಾ? ಹೇಳಿದ್ರೆ ಅವ್ರಿಗೆ ಏನು ಸಿಗತ್ತೆ?"

"ನಂಗೆ ಆಗ್ತಿಲ್ಲ ಪುಟ್ಟೀ."

"ದೆನ್ ಇಟ್ಸ್ ಫಾರ್ ಯೂ, ಅಮ್ಮಾ. ನಾಟ್ ಫಾರ್ ಹಿಮ್."

ಮಗುವಿನ ಬಾಯಿ ಒರೆಸುತ್ತ ಹೇಳಿದಳು. ನಾನು ಕೇಳಲಿಲ್ಲ.

ಮೂರು ಗಂಟೆಯ ದಾರಿ. ಬರುತ್ತೇನೆಂದು ಫೋನ್ ಮಾಡಿದ್ದೆ, ಕೋಚ್ ಮುಂಬಾಗಿಲಲ್ಲೇ ನಿಂತಿದ್ದರು. ಬಹಳ ಇಳಿದುಹೋಗಿದ್ದರು, ಶರ್ಟಿನ ಕಾಲರ್ ಕತ್ತಿನಿಂದ ದೂರ ನಿಂತಿತ್ತು. ಒಲೆಯ ಮೇಲೆ ಕಡಲೆಕಾಯಿ ಬೇಯುತ್ತಿತ್ತು. ನಮ್ಮ ಮೈಸೂರು ಕಡೆಯಂತೆ ಅಲ್ಲೂ ಹಸಿ ಕಡಲೆಕಾಯಿ ಉಪ್ಪು ಹಾಕಿ ಬೇಯಿಸಿ ತಿನ್ನುತ್ತಾರೆ. ಬಟ್ಟಲಲ್ಲಿ ಹಾಕಿಕೊಟ್ಟು, ಎದುರಿಗೆ ಕೂತು, ಊರಿನ ಸುದ್ದಿ ಹೇಳಿದರು. ಹೊಸ ಚರ್ಚಿನಲ್ಲಿ ಭಾನುವಾರ ಎಲ್ಲರೂ ಎದ್ದು ತಮಗಾದ ಒಂದು ಒಳ್ಳೆಯದನ್ನು ಹೇಳುವ ಪದ್ಧತಿ ಇದೆಯಂತೆ.

"ನಾನು ಪ್ರತಿ ಸಲ ನಿಮ್ಮ ವಿಷಯಾನೇ ಹೇಳೋದು. ಪಾದ್ರಿಗೆ ಬೇಜಾರು ಬಂದಿದೆ," ಎಂದು ನಕ್ಕರು. "ಅವತ್ತು ಆ ಕೋಣೆಯಲ್ಲಿ ಎಲ್ಲರೂ ಕೈಬಿಟ್ಟಿದ್ದರೆ ನಾನು ಇಷ್ಟೊತ್ತಿಗೆ ಏನಾಗಿರ್ತಿದ್ದೆನೋ."

"ಕೋಚ್," ಎಂದೆ. "ನಾನು ಮಾತಾಡಿದ್ದು ನಿಜ. ಆದ್ರೆ ಚೀಟೀಲಿ ಗುರುತು ಹಾಕಿದ್ದು ಬೇಸ್‌ಬಾಲ್ ನಿಲ್ಲಿಸೋದಕ್ಕೆ."

ಅವರು ಕೈಯಲ್ಲಿದ್ದ ಕಡಲೆಕಾಯಿಯನ್ನು ಸುಲಿದರು. ತಿನ್ನಲಿಲ್ಲ, ಮೇಜಿನ ಮೇಲಿಟ್ಟರು.

"ಎಷ್ಟಕ್ಕೆ ಎಷ್ಟಾಗಿತ್ತು ಅದು?"

"ನಾಲ್ಕಕ್ಕೆ ಮೂರು."

"ಹಾಗಾದ್ರೆ ಒಂದೇ ಮತ," ಎಂದರು. ಸಿಪ್ಪೆಯನ್ನು ಬಟ್ಟಲಿಗೆ ಹಾಕಿ ಮತ್ತೆ, "ಒಂದೇ."

ನಾನು ಅಳುತ್ತಿದ್ದೆ. ನನ್ನ ಕೋಣೆ, ನನ್ನ ಭಯ, ಹೊಸ ಮಗುವಿನ ತಾಯಿ, ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿದರು. ಅವರ ಮುಖದಲ್ಲಿ ಕೋಪ ಕಾಣಲಿಲ್ಲ. ಕೋಪ ಕಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಹಳ ಹೊತ್ತು ನಿಂತು ಸುಸ್ತಾದವರ ಹಾಗೆ ಕೂತಿದ್ದರು.

"ನೀವು ಇಷ್ಟು ದೂರ ಡ್ರೈವ್ ಮಾಡಿಕೊಂಡು ಬಂದದ್ದು ಇದನ್ನ ಇಲ್ಲಿ ಇಟ್ಟು ಹೋಗೋದಕ್ಕಾ, ಮ್ಯಾಮ್?"

ಪ್ರೊಫೆಸರ್ ಹೋಗಿ ಮತ್ತೆ ಮ್ಯಾಮ್ ಆಗಿದ್ದೆ.

"ನಿಮಗೆ ಗೊತ್ತಿರಬೇಕು ಅನ್ನಿಸ್ತು."

"ನನಗೆ ಗೊತ್ತಿರಬೇಕಾಗಿರಲಿಲ್ಲ. ನನ್ನ ಹತ್ತಿರ ಹೆಚ್ಚೇನೂ ಇಲ್ಲ ಇಲ್ಲಿ, ನೋಡ್ತಿದ್ದೀರಲ್ಲ. ಅದೊಂದಿತ್ತು. ಅದನ್ನ ನೀವು ನಿಮ್ಮ ಹತ್ತಿರವೇ ಹೊತ್ತುಕೊಂಡು ಇರಬೇಕಿತ್ತು. ನಿಮಗೆ ಭಾರ ಆಯ್ತು ಅಂತ ನನಗೆ ಕೊಟ್ರಿ."

ನಾನು ಕ್ಷಮೆ ಕೇಳಿದೆ. ಅವರು ಎದ್ದು ಒಲೆ ಆರಿಸಿದರು. ಆಮೇಲೆ, ಆ ಕಡೆಯ ಹಳೇ ಕಾಲದವರ ಮರ್ಯಾದೆ, ನನ್ನನ್ನು ಕಾರಿನ ತನಕ ಬಿಡಲು ಬಂದರು. ಬಾಗಿಲು ತೆಗೆದು ಹಿಡಿದರು. ಹೆದ್ದಾರಿಯಲ್ಲಿ ರಸ್ತೆ ಕೆಲಸ ನಡೀತಿದೆ, ಎಡಗಡೆ ಲೇನ್‌ನಲ್ಲೇ ಹೋಗಿ ಎಂದರು. ನಾನು ತಿರುಗುವಾಗ ಕನ್ನಡಿಯಲ್ಲಿ ನೋಡಿದೆ, ಅವರು ಆಗಲೇ ಒಳಗೆ ಹೋಗಿದ್ದರು.

ಹೆದ್ದಾರಿಯ ಮೊದಲ ವಿಶ್ರಾಂತಿ ಜಾಗದಲ್ಲಿ ಕಾರು ನಿಲ್ಲಿಸಿ ಮಗಳಿಗೆ ಫೋನ್ ಮಾಡಿದೆ. "ಹೇಳಿದ್ಯಾ ಅಮ್ಮಾ? ನೌ ಯೂ ಫೀಲ್ ಬೆಟರ್?" ಎಂದಳು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೇ ಕೇಳಿದಳು. ಇಲ್ಲ ಎಂದೆ. ಮಗು ಏನು ತಿಂತು ಎಂದು ಕೇಳಿ ಫೋನ್ ಇಟ್ಟೆ.

ಆ ವರ್ಷದ ಕ್ರಿಸ್‌ಮಸ್ಸಿಗೆ ಅವರ ಫೋನ್ ಬರಲಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ಎರಡು ಕಾಗದ ಬರೆದೆ. ಎರಡಕ್ಕೂ ಉತ್ತರವಿಲ್ಲ. ಈ ವಸಂತದಲ್ಲಿ ಆ ಕ್ಯಾಚರ್ ಹುಡುಗನಿಂದ ಇ-ಮೇಲ್ ಬಂತು. ಅವನೀಗ ಒಂದು ಸ್ಕೂಲಿನಲ್ಲಿ ಮೇಷ್ಟ್ರು. ಹಳೇ ಆಟಗಾರರೆಲ್ಲ ಸೇರಿ ಕೋಚ್‌ಗೆ ಒಂದು ಊಟ ಇಟ್ಟುಕೊಳ್ಳಬೇಕೆಂದಿದ್ದಾರೆ, ಅವರು ಯಾರ ಫೋನನ್ನೂ ಎತ್ತುತ್ತಿಲ್ಲ, ಚರ್ಚಿಗೂ ಹೋಗುವುದನ್ನು ಬಿಟ್ಟಿದ್ದಾರಂತೆ. "ನೀವು ಹೇಳಿದರೆ ಖಂಡಿತ ಬರ್ತಾರೆ. ನಿಮ್ಮನ್ನು ಕಂಡರೆ ಅವರಿಗೆ ಎಷ್ಟು ಗೌರವ ಅಂತ ನಮಗೆಲ್ಲ ಗೊತ್ತು," ಎಂದು ಬರೆದಿದ್ದ.

ನಾಲ್ಕು ದಿನ ಆ ಇ-ಮೇಲನ್ನು ತೆರೆಯುವುದು, ಮುಚ್ಚುವುದು. ನಾನು ಹೇಳಿದರೆ ಅವರು ಬರುವುದಿಲ್ಲ ಎಂದಷ್ಟೇ ಕೊನೆಗೆ ಬರೆದೆ. ಯಾಕೆ ಎಂದು ಅವನು ಕೇಳಿದ್ದಾನೆ. ಆ ಹುಡುಗನಿಗೂ ಹೇಳಿದರೆ ಅದು ಇನ್ನೂ ಮೂವತ್ತು ಜನರಿಗೆ ಹೋಗುತ್ತದೆ, ಅವರು ತಲೆಯ ಟೋಪಿ ತೆಗೆದು ನಿಂತ ಆ ಶನಿವಾರವೂ ಅವರ ಪಾಲಿಗೆ ಹೋಗುತ್ತದೆ. ಹೇಳದಿದ್ದರೆ, ಕೋಚ್ ತಮ್ಮಿಂದ ಯಾಕೆ ದೂರವಾದರು ಎಂದು ಅವರು ತಮ್ಮಲ್ಲೇ ತಪ್ಪು ಹುಡುಕುತ್ತ ಇರುತ್ತಾರೆ. ಅವನ ಪ್ರಶ್ನೆಗೆ ನಾನಿನ್ನೂ ಉತ್ತರ ಬರೆದಿಲ್ಲ. ಊಟ ಕಳೆದ ವಾರ ಆಯಿತಂತೆ. ಕೋಚ್ ಬರಲಿಲ್ಲ.